ಗೋಡೆ ಹತ್ತುವ ಉಣುಗು

ನಾಯಿಗೆ ಉಣುಗು ಹತ್ತಿದೆ ಎಂದರೆ ಎಲ್ಲರೂ ಅದರ ಕಿವಿ ಮಗುಚಿ ನೋಡುತ್ತಾರೆ. ನಮ್ಮ ನಾಯಿ ರಾಜ ಕಾಯಿಲೆ ಬಿದ್ದು ಎದ್ದಮೇಲೆ ನಾನು ಮೊದಲು ನೋಡುವುದು ಗೋಡೆಯನ್ನು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ಮೈಯಿಂದ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಗಳು ಸಾವಿರಗಟ್ಟಲೆ. ಜಗಲಿಯ ಕ್ಯಾಲೆಂಡರ್ ಎತ್ತಿದರೆ ಅದರ ಹಿಂದೆ ಕಣ್ಣಿಗೆ ಕಂಡೂ ಕಾಣದ ಮರಿಗಳು ಗುಂಪುಗಟ್ಟಿ ಹರಿದಾಡುತ್ತಿದ್ದವು. ನಾಯಿಯನ್ನು ಎಷ್ಟು ತಿಕ್ಕಿ ತೊಳೆದರೂ ಅವು ಅಲ್ಲೇ ಇರುತ್ತವೆ.

ರಾಜ ಅನ್ನ ಮೂಸಿ ಹಿಂದೆ ಸರಿಯುತ್ತಿದ್ದ. ಮೈ ಸುಡುತ್ತಿತ್ತು, ಆಮೇಲೆ ಮೂಗಿನಿಂದ ರಕ್ತ ಬಂತು. ಪಶುವೈದ್ಯರು ತುಟಿ ಎತ್ತಿ ತೋರಿಸಿದರು: ವಸಡು ಬಿಳಿಚಿಕೊಂಡು, ಅಲ್ಲಲ್ಲಿ ಕೆಂಪು ಚುಕ್ಕೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿತ್ತು. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ. ಉಣುಗು ಕಚ್ಚಿದಾಗ ಒಳಸೇರಿ ಬಿಳಿ ರಕ್ತಕಣಗಳಲ್ಲೇ ಬೀಡುಬಿಡುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಅದೂ ಹೊಟ್ಟೆಗೆ ಏನಾದರೂ ಹಾಕಿದ ಮೇಲೆ. ಕೆಲವೇ ದಿನಕ್ಕೆ ನಾಯಿ ಚುರುಕಾಗುತ್ತದೆ, ಮಾತ್ರೆ ಅಲ್ಲಿಗೇ ನಿಂತುಬಿಡುತ್ತದೆ. ಡಾಕ್ಟರು ಅದನ್ನು ಮೊದಲೇ ಹೇಳಿದ್ದರು: "ಬಾಲ ಅಲ್ಲಾಡಿಸ್ತು ಅಂತ ನಿಲ್ಸಬೇಡಿ ಮಾರಾಯ್ರೆ, ಒಳಗೆ ಉಳ್ಕೊಂಡು ಮತ್ತೆ ಏಳ್ತದೆ."

ನಮ್ಮದು ಶಿವಮೊಗ್ಗ ಜಿಲ್ಲೆ. ಉಣುಗು ಎಂದರೆ ಮಂಗನ ಕಾಯಿಲೆ ನೆನಪಾಗುವ ಸೀಮೆ; 1957ರಲ್ಲಿ ಅದು ಮೊದಲು ಗುರುತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ಪಕ್ಕದ ಮನೆಯವರು "ನಾಯಿನ ಎಲ್ಲಾದ್ರೂ ಬಿಟ್ಟು ಬನ್ನಿ" ಎಂದಾಗ ಸಿಟ್ಟು ಬರಲಿಲ್ಲ. ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು, ಗೋಡೆ ಹತ್ತುವ ಈ ಜಾತಿಯಲ್ಲ. ಆದರೆ ಕಾಡಂಚಿಗೆ ಹೋಗಿಬರುವ ನಾಯಿ ಯಾವುದನ್ನು ಹೊತ್ತು ತಂದೀತೋ! ಬರಿಗೈಯಲ್ಲಿ ಕಿತ್ತು ಉಗುರಲ್ಲಿ ಚಿವುಟುವ ನಮ್ಮವರ ಚಟ ಬೇಡವೇ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರ ಎಳೆದು, ಸ್ಪಿರಿಟ್ ಬಾಟಲಿಗೆ ಹಾಕುತ್ತೇನೆ. ಸೀಮೆಎಣ್ಣೆ ಹಚ್ಚುವವರಿದ್ದಾರೆ, ನಾಯಿ ಅದನ್ನು ನೆಕ್ಕುತ್ತದೆ ಎಂಬುದು ಅವರ ತಲೆಗೇ ಹೋಗುವುದಿಲ್ಲ.

ಬೆಕ್ಕಿನ ಕಥೆ ಬೇರೆ. ನಾಯಿಯ ಬೆನ್ನಿಗೆ ಬಿಡುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿಗೆ ಅದು ಪ್ರಾಣಕ್ಕೇ ಕುತ್ತು. ಕೊಟ್ಟಿಗೆಯಲ್ಲಿ ದನಕ್ಕೆಂದು ತಂದಿಟ್ಟ ಔಷಧವನ್ನೂ ನಮ್ಮ ಬೆಕ್ಕಿನ ಹತ್ತಿರ ತರುವುದಿಲ್ಲ. ಅದಕ್ಕೆ ಹತ್ತಿದ್ದು ಚಿಗಟ. ತುಪ್ಪಳ ಬಾಚಿದಾಗ ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿದೆ. ಸುತ್ತ ಕೆಂಪು ಹರಡಿತು, ಚಿಗಟ ಕುಡಿದು ವಿಸರ್ಜಿಸಿದ ರಕ್ತ. ಮೈ ನೆಕ್ಕುವಾಗ ಚಿಗಟ ನುಂಗಿದರೆ ಲಾಡಿಹುಳು ಆಗಬಹುದು. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ತುಣುಕು ಕಂಡರೆ ಅದೇ. ಚಿಗಟ ವಿಪರೀತವಾದರೆ ಪುಟ್ಟ ಮರಿಗಳು ರಕ್ತ ಬತ್ತಿಯೇ ಸಾಯುತ್ತವೆ.

ಚಿಗಟದ ಕೋಶ ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಕಾದು, ಹೆಜ್ಜೆಯ ಕಂಪನ ತಾಗಿದೊಡನೆ ಒಡೆಯುತ್ತದೆ. ಬೀಗ ಹಾಕಿ ಊರಿಗೆ ಹೋಗಿ ಬಂದವರ ಕಾಲಿಗೆ ಅವು ಮುತ್ತುವುದು ಅದಕ್ಕೇ. ಬೆಕ್ಕು ಮಲಗುವ ಗೋಣಿ, ಚಾದರವನ್ನು ಈಗ ವಾರವಾರವೂ ಬಿಸಿನೀರಲ್ಲಿ ಒಗೆಯುತ್ತೇವೆ, ಚಿಗಟ ಕಂಡರೂ ಕಾಣದಿದ್ದರೂ.