ದೂರದ ದಾನ, ಹತ್ತಿರದ ಹೊಣೆ

ಅನ್ನ, ಅರಿವು, ಆಸರೆಗಳನ್ನು ಬೇಡಿ ಬಂದವರಿಗೆ ಬಾಗಿಲು ತೆರೆಯುವುದು ನಮ್ಮ ಮಠಗಳ ಹಳೆಯ ನಡೆ. ಆದರೆ ಬೇಡಲು ಬರಲಾರದ ಮಗುವಿನ ಗತಿಯೇನು? ನಡೆಯಲಾರದ, ಕಾಣಲಾರದ, ಕೇಳಲಾರದ ಮಗು ಶಾಲೆಯ ಹೊಸ್ತಿಲನ್ನು ತಾನಾಗಿ ಮುಟ್ಟುವುದು ಕಷ್ಟ. ಇಂಥ ಮಕ್ಕಳಿಗಾಗಿ ಕಡಲಾಚೆಯಿಂದ ನೆರವು ಬರುತ್ತದೆ. ನಮ್ಮ ದೇಶದಿಂದ ಕಡಲಾಚೆಗೂ ಹೋಗುತ್ತದೆ. ಅದು ಮಗುವಿನ ಬಾಳಿನಲ್ಲಿ ನಿಲ್ಲುವ ಬಗೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯ ನಿದರ್ಶನ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹುಟ್ಟಿನಿಂದಲೇ ಅಂಧರು. ಅವರ ಬಳಿಕ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಅಂಧರೇ. ಅಂಧ ಮಕ್ಕಳೂ ಕಣ್ಣುಳ್ಳ ಬಡ ಮಕ್ಕಳೂ ಅಲ್ಲಿ ಕೂಡಿ ಸಂಗೀತ ಕಲಿತರು. ಪದ್ಮಶ್ರೀ ವೆಂಕಟೇಶಕುಮಾರರು ಅಲ್ಲಿಯೇ ಕಲಿತವರು. ನೆರವು ಪಡೆದವನೇ ನೆರವು ನೀಡುವ ಗುರುವಾದುದು ಈ ಆಶ್ರಮದ ಹಿರಿಮೆ. ಅಲ್ಲಿ ದೊರೆತುದು ಒಂದು ದಿನದ ಊಟವಲ್ಲ, ವರ್ಷಗಟ್ಟಲೆ ಸಾಗಿದ ವಿದ್ಯೆ.

ಹೊರಗಿನಿಂದ ಬಂದ ನೆರವಿಗೆ ಪೋಲಿಯೊ ನಿರ್ಮೂಲನವೇ ಸಾಕ್ಷಿ. ೧೯೮೫ರಲ್ಲಿ ಅಂತರರಾಷ್ಟ್ರೀಯ ರೋಟರಿ ಸಂಸ್ಥೆಯು ಈ ಕಾರ್ಯಕ್ಕೆ ಸಂಕಲ್ಪಿಸಿತು. ಭಾರತದ ಕೊನೆಯ ಸಹಜ ಪೋಲಿಯೊ ಪ್ರಕರಣವು ೨೦೧೧ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡುಬಂದಿತು. ೨೦೧೪ರ ಮಾರ್ಚಿನಲ್ಲಿ ದೇಶವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಹೊರನಾಡಿನ ಹಣವೂ ನಮ್ಮ ಸರಕಾರದ ಹಣವೂ ಇದಕ್ಕೆ ವಿನಿಯೋಗವಾದವು. ಆದರೆ ಮನೆಮನೆಗೆ ಹೋಗಿ ಹನಿ ಹಾಕಿದ ಕೈಗಳು ನಮ್ಮ ಊರುಗಳವೇ.

ನಮ್ಮಲ್ಲಿಂದ ಹೊರಟ ನೆರವಿಗೆ ಜೈಪುರ ಕಾಲು ನಿದರ್ಶನ. ೧೯೬೮ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ. ಕೆ. ಸೇಠಿ ಅವರು ರೂಪಿಸಿದ ಈ ಕೃತಕ ಕಾಲನ್ನು, ೧೯೭೫ರಲ್ಲಿ ಸ್ಥಾಪಿತವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಉಚಿತವಾಗಿ ನೀಡುತ್ತ, ಏಷ್ಯಾ ಆಫ್ರಿಕಾಗಳ ಹಲವು ದೇಶಗಳಲ್ಲಿ ಶಿಬಿರ ನಡೆಸಿದೆ. ಆದರೆ ಮಗು ಬೆಳೆಯುತ್ತದೆ, ಕೃತಕ ಕಾಲು ಬೆಳೆಯದು. ಮೇಲಿಂದ ಮೇಲೆ ಅದನ್ನು ಬದಲಿಸಬೇಕು. ಶಿಬಿರ ಮುಗಿದ ಮೇಲೆ ಅಳತೆ ತೆಗೆಯುವವರು ಹತ್ತಿರದಲ್ಲಿಲ್ಲದಿದ್ದರೆ ಕೊಟ್ಟ ಕಾಲು ಮೂಲೆ ಸೇರುತ್ತದೆ.

ದೂರದ ದಾನಕ್ಕೆ ಹತ್ತಿರದ ಹೊಣೆ ಕೂಡಿದರೆ ಮಾತ್ರ ಫಲವೆಂಬುದು ಇದರಿಂದ ಸ್ಪಷ್ಟ. ಗೋಕಾಕ, ಅದರಿಂದ ಬೇರ್ಪಟ್ಟ ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬಿನ ನಡುವಿನ ತೋಟದ ಮನೆಗಳಲ್ಲಿ ವಾಸಿಸುವ ಕುಟುಂಬಗಳುಂಟು. ಅಲ್ಲಿಂದ ಗಾಲಿಕುರ್ಚಿಯ ಮಗು ಕೆಸರು ದಾರಿಯಲ್ಲಿ ಶಾಲೆಗೆ ಬರುವುದೆಂತು? ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ೨೦೧೬ರ ಕಾಯಿದೆಯು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ ೪೦ಕ್ಕೆ ಕಡಮೆಯಲ್ಲದ ವೈಕಲ್ಯವುಳ್ಳ ೬ರಿಂದ ೧೮ ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. ಪ್ರಮಾಣಪತ್ರ ದೊರಕಿಸಿಕೊಡುವುದು, ವಾಹನದ ವೆಚ್ಚ ಭರಿಸುವುದು, ಶಾಲೆಯ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಿಸುವುದು, ಬ್ರೈಲ್ ಪುಸ್ತಕ ತರಿಸುವುದು, ಇವು ದಾನಿಗಳೂ ಅಧ್ಯಾಪಕರೂ ಕೂಡಿ ಮಾಡಬಹುದಾದ ಕಾರ್ಯಗಳು.

ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಒಂದು ನಿಯಮವನ್ನು ಅರಿತಿರಬೇಕು. ಭಾರತೀಯ ಪೌರತ್ವ ಉಳಿಸಿಕೊಂಡವರು ಬ್ಯಾಂಕಿನ ಮೂಲಕ ತಮ್ಮ ಗಳಿಕೆಯಿಂದ ಕಳಿಸುವ ದೇಣಿಗೆಯು ವಿದೇಶಿ ವಂತಿಗೆ ಎನಿಸದು. ಪರದೇಶದ ಪೌರತ್ವ ಪಡೆದವರ ದೇಣಿಗೆ ಹಾಗಲ್ಲ. ೨೦೧೦ರ ವಿದೇಶಿ ವಂತಿಗೆ ಕಾಯಿದೆಯಂತೆ ಅದನ್ನು ಪಡೆಯುವ ಸಂಸ್ಥೆಗೆ ಕೇಂದ್ರ ಸರಕಾರದ ನೋಂದಣಿ ಇಲ್ಲವೆ ಪೂರ್ವಾನುಮತಿ ಬೇಕು. ೨೦೨೦ರ ತಿದ್ದುಪಡಿಯಂತೆ ಆ ಹಣ ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಮತ್ತೊಂದು ಸಂಸ್ಥೆಗೆ ಅದನ್ನು ವರ್ಗಾಯಿಸಲಾಗದು.

ದಾನದ ಲೆಕ್ಕವನ್ನು ರೂಪಾಯಿಗಳಲ್ಲಿ ಬರೆಯುವುದು ವಾಡಿಕೆ. ಅದರ ಪಕ್ಕದಲ್ಲಿ ಇನ್ನೊಂದು ಕಲಮು ಇರಲಿ: ಕಳೆದ ವರ್ಷ ಶಾಲೆಗೆ ಬಂದ ಅಂಗವಿಕಲ ಮಗು ಈ ವರ್ಷವೂ ತರಗತಿಯಲ್ಲಿ ಕುಳಿತಿದೆಯೆ? ಈ ಪ್ರಶ್ನೆಗೆ ಹೌದೆಂಬ ಉತ್ತರ ಬರೆಯಬಲ್ಲ ಸಂಸ್ಥೆಯಲ್ಲಿ ದಾಸೋಹವು ಸಾರ್ಥಕವಾಗುವುದು.