ಮೂರು ದಿನದ ಸ್ಟಾಲ್, ಮೂರು ತಿಂಗಳ ಕೆಲಸ: ಸಾಫ್ಟ್‌ವೇರ್ ಕಂಪನಿಯಲ್ಲಿ ಫೀಲ್ಡ್ ಮಾರ್ಕೆಟಿಂಗ್

ಫೆಸ್ಟ್‌ಗೆ ಸ್ಪಾನ್ಸರ್ ಹುಡುಕೋಕೆ ಹೋದವರಿಗೆಲ್ಲ ಒಂದು ಅನುಭವ ಆಗಿರತ್ತೆ. ಕಂಪನಿಯವರು ಕೇಳೋ ಮೊದಲ ಪ್ರಶ್ನೆ, "ಎಷ್ಟು ಜನ ಬರ್ತಾರೆ?" ಎರಡನೇದು, "ಯಾರು ಬರ್ತಾರೆ?" ಮೊದಲನೇದಕ್ಕೆ ನಾವು ಧೈರ್ಯವಾಗಿ ಒಂದು ದೊಡ್ಡ ಸಂಖ್ಯೆ ಹೇಳ್ತೀವಿ. ಎರಡನೇದಕ್ಕೆ ತಡವರಿಸ್ತೀವಿ. ಆದರೆ ದುಡ್ಡು ಕೊಡುವವರಿಗೆ ಬೇಕಾಗಿರೋದು ಎರಡನೇ ಉತ್ತರವೇ. ಇದು ನನಗೆ ಅರ್ಥ ಆಗಿದ್ದು ಇಂಟರ್ನ್‌ಶಿಪ್‌ನಲ್ಲಿ, ಒಂದು ಸಾಫ್ಟ್‌ವೇರ್ ಕಂಪನಿಯ ಫೀಲ್ಡ್ ಮಾರ್ಕೆಟಿಂಗ್ ತಂಡದ ಜೊತೆ ಸ್ಟಾಲ್‌ನಲ್ಲಿ ನಿಂತಾಗ. ಆ ಕೆಲಸ ಹೇಗೆ ನಡೆಯತ್ತೆ, ಅದರಲ್ಲಿ ಇಂಜಿನಿಯರ್ ಪಾಲೇನು ಅಂತ ಇಲ್ಲಿ ಬರೆದಿದ್ದೇನೆ.

ಫೀಲ್ಡ್ ಮಾರ್ಕೆಟಿಂಗ್ ಅಂದ್ರೇನು?

ಫೋನ್‌ನಲ್ಲಿ ಕಾಣುವ ಜಾಹೀರಾತು, ಇಮೇಲ್, ವೆಬ್‌ಸೈಟ್ ಇವೆಲ್ಲ ಆಫೀಸಿನಲ್ಲಿ ಕೂತು ಮಾಡುವ ಮಾರ್ಕೆಟಿಂಗ್. ಗ್ರಾಹಕ ಇರುವ ಊರಿಗೆ, ಅವನ ಉದ್ಯಮದ ಜನ ಸೇರುವ ಜಾಗಕ್ಕೆ ಹೋಗಿ ಎದುರುಬದುರು ಮಾತಾಡುವುದು ಫೀಲ್ಡ್ ಮಾರ್ಕೆಟಿಂಗ್. ಟ್ರೇಡ್ ಶೋ ಸ್ಟಾಲ್, ವರ್ಕ್‌ಶಾಪ್, ಹ್ಯಾಕಥಾನ್, ಹತ್ತು-ಹದಿನೈದು ಜನರ ಊಟದ ಸಭೆ, ಕಂಪನಿ ತಾನೇ ನಡೆಸುವ ಬಳಕೆದಾರರ ಸಮ್ಮೇಳನ ಎಲ್ಲವೂ ಇದರೊಳಗೆ ಬರುತ್ತವೆ.

ದೊಡ್ಡ ಕಂಪನಿಗಳಲ್ಲಿ ಪ್ರದೇಶಕ್ಕೊಬ್ಬ ಫೀಲ್ಡ್ ಮಾರ್ಕೆಟಿಂಗ್ ಮ್ಯಾನೇಜರ್ ಇರ್ತಾರೆ. ಅವರ ಅತಿ ಹತ್ತಿರದ ಜೊತೆಗಾರರು ಆ ಪ್ರದೇಶದ ಸೇಲ್ಸ್‌ನವರು. ಸೇಲ್ಸ್‌ಗೆ ಈ ಮೂರು ತಿಂಗಳಲ್ಲಿ ಯಾವ ಕಂಪನಿಗಳ ಬಾಗಿಲು ತೆರೀಬೇಕಿದೆ ಅನ್ನೋದರ ಮೇಲೆ ಇವರ ಯೋಜನೆ ನಿಲ್ಲತ್ತೆ.

ಸಾಫ್ಟ್‌ವೇರ್‌ಗೆ ಸ್ಟಾಲ್ ಯಾಕೆ?

ಜಾತ್ರೆಯಲ್ಲಿ ಅಂಗಡಿ ಹಾಕಿದವನು ಅವತ್ತೇ ಮಾರಿ, ಅವತ್ತೇ ದುಡ್ಡು ಎಣಿಸ್ತಾನೆ. ಸಾಫ್ಟ್‌ವೇರ್ ಸ್ಟಾಲ್‌ನಲ್ಲಿ ಅವತ್ತು ಏನೂ ಮಾರಾಟ ಆಗಲ್ಲ. ಒಂದು ಕಾರ್ಖಾನೆ ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಕೊಳ್ಳಬೇಕಾದರೆ ಐಟಿ ಮ್ಯಾನೇಜರ್ ಒಪ್ಪಬೇಕು, ಅಕೌಂಟ್ಸ್‌ನವರು ಒಪ್ಪಬೇಕು, ಗೋಡೌನಿನವರು ಬಳಸಿ ನೋಡಬೇಕು, ಕೊನೆಗೆ ಮಾಲೀಕರು ಸಹಿ ಹಾಕಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಕಣ್ಣಿಗೆ ಕಾಣದ, ಕೈಗೆ ಸಿಗದ ವಸ್ತುವನ್ನು ಕೊಳ್ಳುವಾಗ ಜನ ಅದರ ಹಿಂದಿರುವ ಮನುಷ್ಯರನ್ನು ನೋಡೋಕೆ ಬಯಸ್ತಾರೆ. "ನಾಳೆ ಏನಾದ್ರೂ ಕೆಟ್ಟರೆ ಇವರು ಫೋನ್ ಎತ್ತುತ್ತಾರಾ?" ಅನ್ನೋದು ಹೆಚ್ಚಿನ ಖರೀದಿದಾರರ ಒಳಗಿನ ಪ್ರಶ್ನೆ.

ಇದನ್ನು ಚೆನ್ನಾಗಿ ಬಳಸಿಕೊಂಡ ಕಂಪನಿ ಸೇಲ್ಸ್‌ಫೋರ್ಸ್. 1999ರಲ್ಲಿ ಹುಟ್ಟಿದ ಅದು, 2000ದಲ್ಲಿ ಆ ಕಾಲದ ದೈತ್ಯ ಸಿಬೆಲ್ ಕಂಪನಿಯ ಸಮ್ಮೇಳನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುವಾಗ, ಹೊರಗಡೆ ನಟರನ್ನು ನಿಲ್ಲಿಸಿ 'ಸಾಫ್ಟ್‌ವೇರ್ ಬೇಡ' ಅಂತ ಹುಸಿ ಪ್ರತಿಭಟನೆ ಮಾಡಿಸಿತು. 2003ರಿಂದ ತನ್ನದೇ ಸಮ್ಮೇಳನ ಡ್ರೀಮ್‌ಫೋರ್ಸ್ ಶುರು ಮಾಡಿತು. ಮುಂದೆ ಅದೇ ಏಟು ಅದಕ್ಕೇ ತಿರುಗಿ ಬಂತು. 2017ರಲ್ಲಿ ಡ್ರೀಮ್‌ಫೋರ್ಸ್ ನಡೆಯುವಾಗ ಚೆನ್ನೈನಲ್ಲಿ ಹುಟ್ಟಿದ ಫ್ರೆಶ್‌ವರ್ಕ್ಸ್, ಸೇಲ್ಸ್‌ಫೋರ್ಸನ್ನು ಅಣಕಿಸುವ ಬರಹ ಹೊತ್ತ ಒಂದು ವಾಯುನೌಕೆಯನ್ನು ಆಕಾಶದಲ್ಲಿ ಹಾರಿಸಿತು.

ಇಂಥ ಕಥೆ ಕೇಳೋಕೆ ಮಜಾ. ಆದರೆ ಇವೆಲ್ಲ ಗಮನ ಸೆಳೆಯುವ ಕೆಲಸ ಮಾತ್ರ. ತಲೆ ಎತ್ತಿ ನೋಡಿದವನ ಜೊತೆ ಆಮೇಲೆ ಯಾರಾದ್ರೂ ಕೂತು ಮಾತಾಡಲೇಬೇಕು.

ಮೊದಲು: ಯಾರಿಗೋಸ್ಕರ?

ಮೊದಲ ತೀರ್ಮಾನ, ಯಾವ ಕಾರ್ಯಕ್ರಮಕ್ಕೆ ಹೋಗಬೇಕು ಅನ್ನೋದು. ನಮ್ಮ ಕಣ್ಣೆದುರಿನ ಉದಾಹರಣೆ ಬೆಂಗಳೂರು ಟೆಕ್ ಸಮ್ಮಿಟ್. 1998ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ, ಬಹಳ ವರ್ಷ ಅರಮನೆ ಮೈದಾನದಲ್ಲಿ ನಡೆದ ಮೇಳ ಅದು. ಅಲ್ಲಿ ಸರ್ಕಾರದವರು, ಸ್ಟಾರ್ಟಪ್‌ಗಳು, ಹೂಡಿಕೆದಾರರು, ವಿದ್ಯಾರ್ಥಿಗಳು ಎಲ್ಲರೂ ಬರ್ತಾರೆ. ಹೆಸರು ಪರಿಚಯ ಆಗಬೇಕಿದ್ದರೆ ಒಳ್ಳೇ ಜಾಗ. ಆದರೆ ನಿಮ್ಮ ಸಾಫ್ಟ್‌ವೇರ್ ಕಾರ್ಖಾನೆಗಳಿಗೆ ಮಾತ್ರ ಅಂತಿದ್ದರೆ, ತುಮಕೂರು ರಸ್ತೆಯ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಯಂತ್ರೋಪಕರಣಗಳ ಮೇಳ ಹೆಚ್ಚು ಉಪಯೋಗ ಆದೀತು. ಅಲ್ಲಿಗೆ ಬರುವವರು ಪೀಣ್ಯದವರು, ಹೊಸೂರಿನವರು, ಕೊಯಮತ್ತೂರಿನವರು. ಜನ ಕಡಿಮೆ ಇರಬಹುದು, ಆದರೆ ನಮಗೆ ಬೇಕಾದ ಜನ.

ಆಮೇಲೆ ಜಾಗ. ಸಾಮಾನ್ಯವಾಗಿ ಚಿಕ್ಕ ಸ್ಟಾಲ್ ಅಂದ್ರೆ 3 ಮೀಟರ್‌ಗೆ 3 ಮೀಟರ್, ಒಟ್ಟು 9 ಚದರ ಮೀಟರ್. ಗೋಡೆ, ಹೆಸರಿನ ಪಟ್ಟಿ, ಮೇಜು, ಕುರ್ಚಿ, ಲೈಟ್ ಎಲ್ಲ ಸೇರಿಸಿ ಕೊಟ್ಟರೆ 'ಶೆಲ್ ಸ್ಕೀಮ್'. ಬರೀ ನೆಲ ಕೊಟ್ಟರೆ 'ರಾ ಸ್ಪೇಸ್', ಕಟ್ಟಿಸೋ ಖರ್ಚು ನಮ್ಮದು. ಇದರ ಮೇಲೆ 18% ಜಿಎಸ್‌ಟಿ. ಹೆಚ್ಚುವರಿ ವಿದ್ಯುತ್, ಇಂಟರ್‌ನೆಟ್, ಸಾಮಾನು ಸಾಗಣೆ, ಪ್ರಿಂಟಿಂಗ್, ಸಿಬ್ಬಂದಿಯ ಊಟ-ವಸತಿ ಬೇರೆ. ಹೊಸಬರು ಜಾಗದ ಬಾಡಿಗೆಯನ್ನೇ ಬಜೆಟ್ ಅಂದ್ಕೊಳ್ತಾರೆ. ನಿಜವಾದ ಖರ್ಚು ಅದಕ್ಕಿಂತ ಎಷ್ಟೋ ಮೇಲೆ ಹೋಗತ್ತೆ.

ಹೋಗುವ ಮುಂಚೆಯೇ ಆಗಬೇಕಾದ ಇನ್ನೊಂದು ಕೆಲಸ: ಯಾರನ್ನು ಭೇಟಿ ಆಗಬೇಕು ಅಂತ ಸೇಲ್ಸ್ ಜೊತೆ ಕೂತು ಪಟ್ಟಿ ಮಾಡಿ, ಅವರಿಗೆ ಮುಂಚಿತವಾಗಿ ಫೋನ್ ಮಾಡಿ ಸಮಯ ಗೊತ್ತು ಮಾಡೋದು. ಸ್ಟಾಲ್ ಹಾಕಿ ದಾರಿ ನೋಡ್ತಾ ನಿಲ್ಲೋದು ಅದೃಷ್ಟ ಪರೀಕ್ಷೆ ಅಷ್ಟೇ.

ಆ ದಿನ: ಡೆಮೊ ಕೈಕೊಟ್ಟರೆ?

1998ರ ಏಪ್ರಿಲ್ 20. ಷಿಕಾಗೋದಲ್ಲಿ ಕಾಮ್‌ಡೆಕ್ಸ್ ಮೇಳ. ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾರೆ. ವಿಂಡೋಸ್ 98ರಲ್ಲಿ ಹೊಸ ಉಪಕರಣ ಜೋಡಿಸೋದು ಎಷ್ಟು ಸುಲಭ ಅಂತ ತೋರಿಸಲು ಸಹೋದ್ಯೋಗಿ ಒಬ್ಬರು ಸ್ಕ್ಯಾನರ್ ಸಿಕ್ಕಿಸಿದರು. ಪರದೆ ಪೂರ್ತಿ ನೀಲಿ! ಸಭೆಯೆಲ್ಲ ನಗು. ಇದಕ್ಕೇ ನಾವಿನ್ನೂ ಇದನ್ನು ಮಾರುಕಟ್ಟೆಗೆ ಬಿಟ್ಟಿಲ್ಲ ಅನ್ನೋ ಅರ್ಥದ ಮಾತಾಡಿ ಗೇಟ್ಸ್ ಸನ್ನಿವೇಶ ನಿಭಾಯಿಸಿದರು. ಜೂನ್ 25ಕ್ಕೆ ವಿಂಡೋಸ್ 98 ಬಿಡುಗಡೆಯೂ ಆಯ್ತು. ಮೈಕ್ರೋಸಾಫ್ಟ್‌ಗೇ ಹೀಗಾಗಬಹುದು ಅಂದ್ರೆ ನಮಗೆ ಆಗಲ್ಲ ಅನ್ನೋಕೆ ಆಗತ್ತಾ?

ಅದಕ್ಕೇ ಡೆಮೊಗೆ ಕೆಲವು ನಿಯಮ ಇಟ್ಕೋಬೇಕು. ಮೇಳದ ವೈಫೈ ನಂಬಬಾರದು, ಸ್ವಂತ ಹಾಟ್‌ಸ್ಪಾಟ್ ಇರಲಿ. ಇಂಟರ್‌ನೆಟ್ ಇಲ್ಲದೆಯೂ ಲ್ಯಾಪ್‌ಟಾಪ್‌ನಲ್ಲೇ ಓಡುವ ಒಂದು ಪ್ರತಿ ಇರಲಿ. ಅದೂ ಕೈಕೊಟ್ಟರೆ ಎರಡು ನಿಮಿಷದ ವಿಡಿಯೋ. ಹಿಂದಿನ ರಾತ್ರಿ ಹೊಸ ಕೋಡ್ ಹಾಕೋ ಸಾಹಸ ಬೇಡ. ಇನ್ನೂ ಮುಖ್ಯವಾದದ್ದು, ಡೆಮೊದಲ್ಲಿ ನಿಜವಾದ ಗ್ರಾಹಕರ ಮಾಹಿತಿ ಹಾಕಬಾರದು. ನಿಮ್ಮ ಪರದೆ ನೋಡುವವರಲ್ಲಿ ಆ ಗ್ರಾಹಕರ ಪ್ರತಿಸ್ಪರ್ಧಿಯೂ ಇರಬಹುದು.

ನಂತರ: ನಾನು ಮಾಡಿದ ತಪ್ಪು

ನನಗೆ ಕೊಟ್ಟ ಕೆಲಸ ಬಂದವರ ಬ್ಯಾಡ್ಜ್ ಸ್ಕ್ಯಾನ್ ಮಾಡೋದು. ಸ್ಕ್ಯಾನ್ ಮಾಡಿಸಿದವರಿಗೆ ಒಂದು ಟೀ-ಶರ್ಟ್. ಜನ ಸಾಲುಗಟ್ಟಿದರು. ದಿನದ ಕೊನೆಗೆ ಸಂಖ್ಯೆ ನೋಡಿ ನನಗೇ ಖುಷಿ. ಎರಡನೇ ದಿನ ಮಧ್ಯಾಹ್ನ ಆ ಗದ್ದಲದಲ್ಲಿ ಪೀಣ್ಯದ ಕಾರ್ಖಾನೆಯೊಂದರ ಐಟಿ ನೋಡಿಕೊಳ್ಳುವವರು ಬಂದರು. ವಯಸ್ಸಾದವರು. ಟೀ-ಶರ್ಟ್ ಬೇಡ ಅಂದರು. "ನಮ್ಮ ಅಕೌಂಟ್ಸ್ ಪೂರ್ತಿ ಟ್ಯಾಲಿಯಲ್ಲಿದೆ. ಇದು ಅದಕ್ಕೆ ಕನೆಕ್ಟ್ ಆಗತ್ತೇನಪ್ಪ? ಈಗಿರೋ ಸಾಫ್ಟ್‌ವೇರ್‌ದು ಮಾರ್ಚ್‌ಗೆ ಮುಗಿಯತ್ತೆ" ಅಂದರು. "ಆಗತ್ತೆ ಸರ್, ನಮ್ಮವರು ಫೋನ್ ಮಾಡ್ತಾರೆ" ಅಂದೆ. ಸ್ಕ್ಯಾನ್ ಮಾಡಿದೆ. ಅವರು ಹೇಳಿದ್ದನ್ನು ಎಲ್ಲೂ ಬರೆದುಕೊಳ್ಳಲಿಲ್ಲ.

ಮೇಳ ಮುಗಿದ ಮೇಲೆ ಪಟ್ಟಿ ಸೇಲ್ಸ್‌ಗೆ ಹೋಯ್ತು. ಬರೀ ಹೆಸರು, ನಂಬರ್, ಇಮೇಲ್. ಸೇಲ್ಸ್‌ನ ಅಣ್ಣ ಒಬ್ಬರು, "ಇಷ್ಟು ಜನರಲ್ಲಿ ನಾನು ಯಾರಿಗೆ ಮೊದಲು ಫೋನ್ ಮಾಡ್ಲಿ?" ಅಂದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಅವರು ಮೇಲಿಂದ ಶುರು ಮಾಡಿದರು. ಪೀಣ್ಯದವರ ಸರದಿ ಬರುವಷ್ಟರಲ್ಲಿ ಏಪ್ರಿಲ್. ಅವರು ಬೇರೆಯವರ ಹತ್ರ ತಗೊಂಡಾಗಿತ್ತು. "ನಿಮ್ಮ ಹುಡುಗನಿಗೆ ಹೇಳಿದ್ನಲ್ಲ" ಅಂದರಂತೆ.

ಕಂಪನಿ ಅಷ್ಟು ಖರ್ಚು ಮಾಡಿದ್ದೇ ಆ ಒಂದು ಮಾತು ಕೇಳಿಸಿಕೊಳ್ಳೋಕೆ. ಕೇಳಿಸಿಕೊಂಡವನು ನಾನು, ಕಳೆದವನೂ ನಾನೇ.

ಆಮೇಲೆ ಮ್ಯಾನೇಜರ್ ಮೇಡಂ ಬೈಯಲಿಲ್ಲ, ಒಂದು ಪುಟ್ಟ ಫಾರ್ಮ್ ಮಾಡಿಸಿದರು. ನಾಲ್ಕೇ ಸಾಲು: ಇವರ ತೊಂದರೆ ಏನು? ಈಗ ಏನು ಬಳಸ್ತಿದ್ದಾರೆ? ಯಾವಾಗ ತೀರ್ಮಾನ ಮಾಡ್ತಾರೆ? ಮುಂದೆ ನಮ್ಮಲ್ಲಿ ಯಾರು, ಯಾವತ್ತು ಮಾತಾಡಬೇಕು? ಅದರ ಜೊತೆ ಒಂದು ಗುರುತು: ಬಿಸಿ, ಬೆಚ್ಚಗೆ, ತಣ್ಣಗೆ. ಬಿಸಿ ಇದ್ದವರ ಹೆಸರು ಅವತ್ತು ಸಂಜೆಯೇ ಸೇಲ್ಸ್‌ಗೆ ಹೋಗಬೇಕು. ಈ ಉತ್ತರಗಳೆಲ್ಲ ಸಿಆರ್‌ಎಂನಲ್ಲಿ, ಅಂದ್ರೆ ಗ್ರಾಹಕರ ದಾಖಲೆ ಇಡುವ ಸಾಫ್ಟ್‌ವೇರ್‌ನಲ್ಲಿ ದಾಖಲಾಗಬೇಕು.

ಇಲ್ಲೊಂದು ತಮಾಷೆ. ತಂಡದವರು "ಎಷ್ಟು ಎಸ್‌ಕ್ಯೂಎಲ್ ಬಂತು?" ಅಂತ ಕೇಳಿದಾಗ ನಾನು ಡೇಟಾಬೇಸ್ ಕ್ವೆರಿ ಅಂದ್ಕೊಂಡಿದ್ದೆ. ಇವರ ಭಾಷೆಯಲ್ಲಿ ಅದು ಸೇಲ್ಸ್ ಕ್ವಾಲಿಫೈಡ್ ಲೀಡ್, ಅಂದ್ರೆ ನಿಜಕ್ಕೂ ಕೊಳ್ಳುವ ಸಾಧ್ಯತೆ ಇದೆ ಅಂತ ಸೇಲ್ಸ್ ಒಪ್ಪಿಕೊಂಡ ಹೆಸರು.

ಲೆಕ್ಕ ಹಾಕೋಣ

ಉದಾಹರಣೆಗೆ ಹೀಗಂದುಕೊಳ್ಳಿ. ಒಂದು ಮೇಳಕ್ಕೆ ಒಟ್ಟು ಖರ್ಚು 6 ಲಕ್ಷ ರೂಪಾಯಿ. 400 ಸ್ಕ್ಯಾನ್, ಅದರಲ್ಲಿ 60 ನಿಜವಾದ ಮಾತುಕತೆ, 12 ಡೆಮೊ, 3 ಗ್ರಾಹಕರು.

ಒಂದು ಸ್ಕ್ಯಾನ್‌ಗೆ 1,500 ರೂಪಾಯಿ. ಒಂದು ಮಾತುಕತೆಗೆ 10,000. ಒಂದು ಡೆಮೊಗೆ 50,000. ಒಬ್ಬ ಗ್ರಾಹಕನಿಗೆ 2 ಲಕ್ಷ. ಮೊದಲ ಸಂಖ್ಯೆ ವರದಿಯಲ್ಲಿ ಚೆನ್ನಾಗಿ ಕಾಣತ್ತೆ, ಕೊನೇದು ನಿಜ ಹೇಳತ್ತೆ. ಗ್ರಾಹಕ ವರ್ಷಕ್ಕೆ 1.5 ಲಕ್ಷ ಕೊಡ್ತಾನೆ ಅಂದ್ರೆ ಮೊದಲ ವರ್ಷ ಬರೋದು 4.5 ಲಕ್ಷ, ಹಾಕಿದ ದುಡ್ಡೂ ಬರಲಿಲ್ಲ. ಮೂವರೂ ಎರಡನೇ ವರ್ಷ ಮುಂದುವರಿದರೆ ಒಟ್ಟು 9 ಲಕ್ಷ. ಅಂದ್ರೆ ಸ್ಟಾಲ್ ಗೆದ್ದಿತೋ ಸೋತಿತೋ ಅನ್ನೋದು ಎರಡನೇ ವರ್ಷ ಗ್ರಾಹಕನನ್ನು ಉಳಿಸಿಕೊಳ್ಳುವ ಸಾಫ್ಟ್‌ವೇರ್‌ನ ಗುಣಮಟ್ಟದ ಮೇಲೂ ನಿಂತಿದೆ.

ಈಗ 1.5 ಲಕ್ಷದಲ್ಲಿ, ಆರಿಸಿ ಕರೆದ 15 ಜನರ ಊಟದ ಸಭೆ ಅಂದುಕೊಳ್ಳಿ. ಅದರಿಂದ 5 ಡೆಮೊ, 2 ಗ್ರಾಹಕರು ಬಂದರೆ ತಲಾ 75,000. 400ರ ಮುಂದೆ 15 ಸಣ್ಣದಾಗಿ ಕಾಣತ್ತೆ, ಅಷ್ಟೇ. ಹಾಗಂತ ಯಾವಾಗಲೂ ಊಟದ ಸಭೆಯೇ ಮೇಲು ಅಂತಲ್ಲ. ಹೆಸರೇ ಕೇಳಿರದ ಕಂಪನಿ ಕರೆದರೆ ಆ 15 ಜನ ಬರೋದೂ ಇಲ್ಲ. ಮೊದಲು ಮೇಳದಲ್ಲಿ ಪರಿಚಯ, ಆಮೇಲೆ ಊಟಕ್ಕೆ ಕರೆ.

ಇಲ್ಲಿ ಒಂದು ಜಗಳವೂ ಇದೆ. ಗ್ರಾಹಕ ಮೊದಲು ಜಾಹೀರಾತು ನೋಡಿರ್ತಾನೆ, ಆಮೇಲೆ ಸ್ಟಾಲ್‌ಗೆ ಬಂದಿರ್ತಾನೆ, ಕೊನೆಗೆ ಸೇಲ್ಸ್ ಫೋನ್‌ಗೆ ಒಪ್ಪಿರ್ತಾನೆ. ಕ್ರೆಡಿಟ್ ಯಾರಿಗೆ? ಅದಕ್ಕೇ ಎರಡು ಕಾಲಂ ಇಡ್ತಾರೆ: ಕಾರ್ಯಕ್ರಮದಿಂದಲೇ ಹುಟ್ಟಿದ ವ್ಯವಹಾರ, ಮತ್ತು ಆಗಲೇ ನಡೀತಿದ್ದು ಕಾರ್ಯಕ್ರಮದಿಂದ ಮುಂದೆ ಹೋದ ವ್ಯವಹಾರ. ಎರಡನ್ನೂ ಕೂಡಿಸಿ ಒಂದೇ ಅಂತ ತೋರಿಸಿದರೆ ಅದು ಮೋಸ.

ಆ ಪಟ್ಟಿ ಯಾರದ್ದು?

ಟೀ-ಶರ್ಟ್‌ಗಾಗಿ ನಂಬರ್ ಕೊಟ್ಟವರೆಲ್ಲ ದಿನಾ ಫೋನ್ ಮಾಡಿ ಅಂತ ಹೇಳಿಲ್ಲ. ಯುರೋಪಿನ ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಪ್ರಕಾರ ಒಪ್ಪಿಗೆ ಒತ್ತಾಯವಿಲ್ಲದೆ, ಯಾವ ಉದ್ದೇಶಕ್ಕೆ ಅಂತ ತಿಳಿಸಿ, ಸ್ಪಷ್ಟವಾಗಿ ಪಡೆದದ್ದಾಗಿರಬೇಕು. ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆದ್ದರಿಂದ ಫಾರ್ಮ್‌ನಲ್ಲಿ ಮುಂಚೆಯೇ ಟಿಕ್ ಹಾಕಿಡೋದು, ಪಟ್ಟಿಯನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಹಂಚೋದು, ಬೇರೆ ಕಂಪನಿಗೆ ಕೊಡೋದು ಬೇಡ. ನಮ್ಮ ಫೆಸ್ಟ್‌ನ ನೋಂದಣಿ ಶೀಟ್ ಸ್ಪಾನ್ಸರ್ ಕೈಗೆ ಹೋಗೋದನ್ನೂ ಈ ಕಣ್ಣಿಂದಲೇ ನೋಡಬೇಕು. ಅದರಲ್ಲಿ ಇರೋದು ನಮ್ಮ ಗೆಳೆಯರದ್ದೇ ನಂಬರ್.

ನಮಗಿದು ಯಾಕೆ ಬೇಕು?

"ನಾನು ಕೋಡ್ ಬರೆಯೋನು, ಸ್ಟಾಲ್ ನನಗ್ಯಾಕೆ?" ಅನ್ನಬಹುದು. ಪೀಣ್ಯದವರು ಕೇಳಿದ್ದು ಟೆಕ್ನಿಕಲ್ ಪ್ರಶ್ನೆ. ಉತ್ತರ ಗೊತ್ತಿದ್ದ ಇಂಜಿನಿಯರ್ ಸ್ಟಾಲ್‌ನಲ್ಲಿ ಇದ್ದಿದ್ದರೆ ಮಾತು ಮುಂದೆ ಹೋಗ್ತಿತ್ತು. ಜೊತೆಗೆ ಮೂರು ದಿನದಲ್ಲಿ ಹತ್ತು ಜನ ಅದನ್ನೇ ಕೇಳಿದರೆ, ಮುಂದೆ ಯಾವ ಫೀಚರ್ ಕಟ್ಟಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸೂಚನೆ ಬೇಕಾ? ಡೆವಲಪರ್ ಅಡ್ವೊಕೇಟ್, ಪ್ರೀಸೇಲ್ಸ್ ಇಂಜಿನಿಯರ್ ಅನ್ನೋ ಹುದ್ದೆಗಳು ಇರೋದು ಇದೇ ಜಾಗದಲ್ಲಿ.

ಅಭ್ಯಾಸಕ್ಕೆ ನಮ್ಮ ಫೆಸ್ಟೇ ಸಾಕು. ಈ ಸಲ ಸ್ಪಾನ್ಸರ್‌ಗೆ ಪ್ರಸ್ತಾಪ ಬರೆಯುವಾಗ ಬರುವವರ ಒಟ್ಟು ಸಂಖ್ಯೆಯ ಜೊತೆ ಯಾವ ಬ್ರಾಂಚ್, ಯಾವ ವರ್ಷ, ಎಷ್ಟು ಜನ ಪ್ರಾಜೆಕ್ಟ್ ಮಾಡ್ತಿದ್ದಾರೆ ಅಂತ ಬಿಡಿಸಿ ಬರೆಯಿರಿ. ಸ್ಪಾನ್ಸರ್ ಸ್ಟಾಲ್‌ಗೆ ಹೋದವರು ಏನು ಕೇಳಿದರು ಅನ್ನೋದನ್ನು ಒಬ್ಬರು ಕೂತು ಬರೆದಿಡಿ. ಫೆಸ್ಟ್ ಮುಗಿದ ವಾರದೊಳಗೆ ಎರಡು ಪುಟದ ಪ್ರಾಮಾಣಿಕ ವರದಿ ಕಳಿಸಿ, ಕಡಿಮೆ ಜನ ಬಂದಿದ್ದರೆ ಅದನ್ನೂ ಹೇಳಿ. ಮುಂದಿನ ವರ್ಷದ ಜೂನಿಯರ್‌ಗಳು ಅದೇ ಕಂಪನಿಯ ಬಾಗಿಲು ತಟ್ಟಿದಾಗ ಆ ವರದಿ ಅವರ ಪರವಾಗಿ ಮಾತಾಡತ್ತೆ.

ಮತ್ತೆ, ಜೇಬಲ್ಲಿ ಒಂದು ಪೆನ್ ಇರಲಿ. ಯಾರಾದ್ರೂ "ಮಾರ್ಚ್‌ಗೆ ಮುಗಿಯತ್ತೆ" ಅಂದ ತಕ್ಷಣ ಬರ್ಕೊಳ್ಳಿ.