ಮನೆಯಲ್ಲಿ ಉಕ್ಕನ್ನು ಕೊಯ್ಯುವ ಬಗೆ: ಗರಗಸ ಮತ್ತು ಅಲಗಿನ ಆಯ್ಕೆ

ಕಳೆದ ಬೇಸಗೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆ ಹೋಗುವ ಸಂದರ್ಭ ಒದಗಿತು. ಹಿತ್ತಲಲ್ಲಿ ಅವರು ಅರ್ಧ ಅಂಗುಲದ ನೀರಿನ ಕೊಳವೆಯೊಂದನ್ನು ಕೊಯ್ಯುತ್ತಿದ್ದರು. ಕೊಳವೆ ಅರ್ಧವೂ ತುಂಡಾಗಿರಲಿಲ್ಲ. ಮುರಿದ ಮೂರು ಅಲಗುಗಳು ಮಾತ್ರ ಪಕ್ಕದಲ್ಲಿ ಬಿದ್ದಿದ್ದವು. "ಈಗಿನ ಬ್ಲೇಡುಗಳಲ್ಲಿ ಸತ್ವವೇ ಇಲ್ಲ, ಗುರುಗಳೆ" ಎಂದು ಅವರು ನೊಂದುಕೊಂಡರು. ಅಲಗನ್ನು ಎತ್ತಿ ನೋಡಿದೆ: ಅಂಗುಲಕ್ಕೆ ೧೮ ಹಲ್ಲುಗಳು. ಕುಣಿಯಲಾರದವರು ನೆಲ ಡೊಂಕೆಂದಂತೆ ನಾವು ಎಷ್ಟೋ ಸಲ ಸಾಧನವನ್ನು ದೂರುತ್ತೇವೆ, ದೋಷವಿರುವುದು ಆಯ್ಕೆಯಲ್ಲಿ. ಅಂದಿನ ಆ ಮಾತುಕತೆಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಹಲ್ಲಿನ ಲೆಕ್ಕ

ಲೋಹವನ್ನು ಕೊಯ್ಯುವ ಕೈಗರಗಸಕ್ಕೆ ಹ್ಯಾಕ್‌ಸಾ ಎಂಬ ಹೆಸರೇ ರೂಢಿಯಲ್ಲಿದೆ. ಇದರ ಅಲಗು ಸಾಮಾನ್ಯವಾಗಿ ೩೦೦ ಮಿಲಿಮೀಟರ್, ಎಂದರೆ ೧೨ ಅಂಗುಲ ಉದ್ದವಿರುತ್ತದೆ. ಅಂಗುಲಕ್ಕೆ ೧೪, ೧೮, ೨೪ ಮತ್ತು ೩೨ ಹಲ್ಲುಗಳೆಂದು ನಾಲ್ಕು ಬಗೆಯ ಅಲಗುಗಳುಂಟು. ಕೊಳ್ಳುವಾಗ ಮೊದಲು ವಿಚಾರಿಸಬೇಕಾದುದು ಬೆಲೆಯನ್ನಲ್ಲ, ಈ ಸಂಖ್ಯೆಯನ್ನು.

ನಿಯಮ ಸರಳವಾದುದು: ಕೊಯ್ಯುವಾಗ ಕನಿಷ್ಠ ಮೂರು ಹಲ್ಲುಗಳು ಸದಾ ಲೋಹದ ಮೇಲಿರಬೇಕು. ೧೮ ಹಲ್ಲಿನ ಅಲಗಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು ೧.೪ ಮಿ.ಮೀ. ಅಂತರ, ೨೪ ಹಲ್ಲಿನದರಲ್ಲಿ ಸುಮಾರು ೧ ಮಿ.ಮೀ.; ೩೨ ಹಲ್ಲಿನದರಲ್ಲಿ ೦.೮ ಮಿ.ಮೀ. ಅರ್ಧ ಅಂಗುಲದ ಮಧ್ಯಮ ದರ್ಜೆಯ ಜಿ.ಐ. ಕೊಳವೆಯ ಗೋಡೆ ೨.೬ ಮಿ.ಮೀ. ದಪ್ಪ. ೧೮ ಹಲ್ಲಿನ ಅಲಗಾದರೆ ಅದರ ಮೇಲೆ ಎರಡು ಹಲ್ಲುಗಳೂ ಪೂರ್ತಿಯಾಗಿ ಕೂರವು. ಎರಡು ಹಲ್ಲುಗಳ ನಡುವಣ ಸಂದಿಯಲ್ಲಿ ಗೋಡೆಯ ಅಂಚು ಸಿಕ್ಕಿಕೊಂಡು ಹಲ್ಲು ಕಿತ್ತುಹೋಗುತ್ತದೆ, ಇಲ್ಲವೇ ಅಲಗೇ ಮುರಿಯುತ್ತದೆ. ೩೨ ಹಲ್ಲಿನದರಲ್ಲಿ ಮೂರಕ್ಕೂ ಮಿಗಿಲಾಗಿ ಹಲ್ಲುಗಳು ಕೂಡುವುದರಿಂದ ಕೆಲಸ ಸುಗಮವಾಗುತ್ತದೆ.

ಹಾಗೆಂದು ಎಲ್ಲಕ್ಕೂ ಸಣ್ಣ ಹಲ್ಲೇ ಒಳ್ಳೆಯದೆಂದು ಭಾವಿಸಬಾರದು. ೨೦ ಮಿ.ಮೀ. ದಪ್ಪದ ಗಟ್ಟಿ ಸರಳಿಗೆ ೩೨ ಹಲ್ಲಿನ ಅಲಗನ್ನು ಹಿಡಿದರೆ, ಕೊಯ್ದ ಲೋಹದ ಚೂರುಗಳಿಗೆ ಹಲ್ಲುಗಳ ನಡುವೆ ಸ್ಥಳ ಸಾಲದೆ ಅವು ಅಲ್ಲೇ ತುಂಬಿಕೊಳ್ಳುತ್ತವೆ. ಅಲಗು ಕೊಯ್ಯದೆ ಉಜ್ಜತೊಡಗುತ್ತದೆ. ಅಂಥ ಸರಳಿಗೆ ೧೪ ಅಥವಾ ೧೮, ಐದಾರು ಮಿ.ಮೀ. ದಪ್ಪದ ಪಟ್ಟಿ ಮತ್ತು ಆಂಗಲ್‌ಗಳಿಗೆ ೨೪, ತೆಳು ಕೊಳವೆ ಮತ್ತು ತಗಡಿಗೆ ೩೨ ಎಂದು ನೆನಪಿಟ್ಟರೆ ಸಾಕು. ಎರಡೇ ಬಗೆಯನ್ನು ಮನೆಯಲ್ಲಿ ಇಡುವುದಾದರೆ ೨೪ ಮತ್ತು ೩೨ ಹಲ್ಲಿನವನ್ನು ಇಡುವುದು ಲೇಸು.

ಉಕ್ಕಿನ ಗುಣ

ಕಿಟಕಿಯ ಸರಳು, ಪಟ್ಟಿ, ಆಂಗಲ್ ಇವು ಬಹುಮಟ್ಟಿಗೆ ಮೆದು ಉಕ್ಕಿನವು. ಕೈಗರಗಸಕ್ಕೆ ಸುಲಭವಾಗಿ ಮಣಿಯುತ್ತವೆ. ಮನೆ ಕಟ್ಟಲು ಬಳಸುವ ಟಿ.ಎಂ.ಟಿ. ಸರಳಿನದು ಬೇರೆ ಸ್ವಭಾವ. ಕಾದ ಸರಳನ್ನು ನೀರಿನಿಂದ ಥಟ್ಟನೆ ತಣಿಸುವುದರಿಂದ ಅದರ ಹೊರಪದರ ಗಡುಸಾಗಿ, ಒಳತಿರುಳು ಮೆದುವಾಗಿ ಉಳಿಯುತ್ತದೆ. ಆದ್ದರಿಂದ ಅಲಗು ಮೊದಲು ಜಾರಿದಂತಾಗಿ, ಹೊರಪದರ ದಾಟಿದ ಮೇಲೆ ಸರಾಗವಾಗಿ ಇಳಿಯುತ್ತದೆ. ಸ್ಟೇನ್‌ಲೆಸ್ ಉಕ್ಕನ್ನು ಬರಿದೆ ಉಜ್ಜಿದರೆ ಉಜ್ಜಿದಷ್ಟೂ ಗಡುಸಾಗುತ್ತದೆ. ಅಲ್ಲಿ ನಿಧಾನವಾಗಿ, ಆದರೆ ಪ್ರತಿ ಸಲವೂ ಹಲ್ಲು ಕಚ್ಚುವಂತೆ ಒತ್ತಿ ಕೊಯ್ಯತಕ್ಕದ್ದು. ಸ್ಪ್ರಿಂಗಿನಂಥ ಹದಗೊಳಿಸಿದ ಉಕ್ಕಾಗಿರಬಹುದೆಂಬ ಸಂಶಯವಿದ್ದರೆ ಹಳೆಯ ಅರವೊಂದರಿಂದ ಉಜ್ಜಿ ನೋಡಬೇಕು. ಅರ ಕಚ್ಚದೆ ಜಾರಿದರೆ ಗರಗಸವೂ ಅದನ್ನು ಕೊಯ್ಯಲಾರದು.

ಅಲಗುಗಳಲ್ಲಿಯೂ ಭೇದಗಳಿವೆ. ಸಾದಾ ಕಾರ್ಬನ್ ಉಕ್ಕಿನ ಅಲಗು ಅಗ್ಗ, ಆದರೆ ಬೇಗ ಮೊಂಡಾಗುತ್ತದೆ. ಇಡಿಯಾಗಿ ಹೈಸ್ಪೀಡ್ ಉಕ್ಕಿನಿಂದ ಮಾಡಿದ್ದು ಬಹುಕಾಲ ಹರಿತವಾಗಿರುತ್ತದೆ, ಆದರೆ ಕೈ ವಾಲಿದರೆ ಥಟ್ಟನೆ ಮುರಿಯುತ್ತದೆ. ಬಾಗುವ ಬೆನ್ನಿಗೆ ಹೈಸ್ಪೀಡ್ ಉಕ್ಕಿನ ಹಲ್ಲಿನಂಚನ್ನು ಬೆಸೆದ ಬೈಮೆಟಲ್ ಅಲಗು ಎರಡು ಗುಣಗಳನ್ನೂ ಪಡೆದಿದೆ. ಕೈ ಪಳಗದವರಿಗೆ ಅದೇ ತಕ್ಕುದು.

ಕೊಯ್ಯುವ ಕ್ರಮ

ಹಲ್ಲುಗಳ ಮೊನೆ ಹಿಡಿಯ ಕಡೆಗಲ್ಲ, ಮುಂದಕ್ಕೆ ನೋಡುವಂತೆ ಅಲಗನ್ನು ಬಿಗಿಯಬೇಕು. ಕೊಯ್ತವಿರುವುದು ಮುಂದೆ ನೂಕುವಾಗ. ಹಿಂದಕ್ಕೆ ಎಳೆಯುವಾಗ ಒತ್ತಡ ಬೇಡ. ವಸ್ತುವನ್ನು ವೈಸಿನ ದವಡೆಗೆ ಹತ್ತಿರವಾಗಿ ಹಿಡಿಸಿ, ಅಲಗಿನ ಪೂರ್ಣ ಉದ್ದವನ್ನು ಬಳಸುತ್ತ, ನಿಮಿಷಕ್ಕೆ ೪೦ರಿಂದ ೫೦ ಸಲಕ್ಕೆ ಮೀರದಂತೆ ಕೊಯ್ಯಬೇಕು. ಅವಸರಪಟ್ಟರೆ ಹಲ್ಲು ಬಿಸಿಯಾಗಿ ಸವೆಯುತ್ತದೆ. ತೆಳು ತಗಡನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ಮರದೊಡನೆಯೇ ಕೊಯ್ಯುವುದು, ಕೊಳವೆಯನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಕೊಯ್ಯುವುದು ಉತ್ತಮ. ನಡುವೆ ಅಲಗು ಮುರಿದರೆ ಹೊಸ ಅಲಗನ್ನು ಹಳೆಯ ಗೀರಿನಲ್ಲೇ ಇಳಿಸಬಾರದು. ಸವೆದ ಹಲ್ಲು ಕೊರೆದ ಗೀರು ಕಿರಿದಾಗಿರುವುದರಿಂದ ಹೊಸದು ಸಿಕ್ಕಿ ಮುರಿಯುತ್ತದೆ. ವಸ್ತುವನ್ನು ಹೊರಳಿಸಿ ಇನ್ನೊಂದು ಬದಿಯಿಂದ ಆರಂಭಿಸಬೇಕು. ತುಂಡು ಕಳಚುವ ಹೊತ್ತಿಗೆ ಒತ್ತಡವನ್ನು ಸಡಿಲಿಸದಿದ್ದರೆ ಗೆಣ್ಣು ತರಚುವುದು ಖಂಡಿತ.

ವಿದ್ಯುತ್ ಯಂತ್ರದ ವಿಚಾರ

ಇಂದು ಆಂಗಲ್ ಗ್ರೈಂಡರ್ ಮನೆಮನೆಗೂ ಬಂದಿದೆ. ಹತ್ತಾರು ಸರಳುಗಳನ್ನು ತುಂಡರಿಸಬೇಕಾದಲ್ಲಿ ಅದು ಉಪಯುಕ್ತವೇ ಸರಿ. ಆದರೆ ೧೦೦ ಮಿ.ಮೀ. ಚಕ್ರದ ಸಣ್ಣ ಯಂತ್ರ ನಿಮಿಷಕ್ಕೆ ಸುಮಾರು ೧೧,೦೦೦ ಸುತ್ತು ತಿರುಗುತ್ತದೆ, ೧೮೦ ಮಿ.ಮೀ. ಚಕ್ರ ಸಾಮಾನ್ಯವಾಗಿ ತಾಳಬಲ್ಲುದು ಸುಮಾರು ೮,೫೦೦ ಸುತ್ತುಗಳನ್ನು ಮಾತ್ರ. ರಕ್ಷಾಕವಚವನ್ನು ಕಳಚಿ ದೊಡ್ಡ ಚಕ್ರವನ್ನು ಕೂರಿಸುವವರು, ಸಿಡಿಯಬಹುದಾದ ವಸ್ತುವನ್ನು ಮುಖದೆದುರಿಗೆ ತಿರುಗಿಸುತ್ತಿದ್ದಾರೆಂದೇ ತಿಳಿಯಬೇಕು. ಮರ ಕೊಯ್ಯುವ ಹಲ್ಲುಚಕ್ರವನ್ನು ಅದಕ್ಕೆ ಎಂದಿಗೂ ತೊಡಿಸಬಾರದು. ಚಕ್ರದ ಮೇಲೆ ನಮೂದಿಸಿದ ವೇಗವನ್ನೂ ಬಳಕೆಯ ಅವಧಿಯನ್ನೂ ಓದಬೇಕು. ಬಿರುಕು ಬಿಟ್ಟುದನ್ನು ಎಸೆಯಬೇಕು. ಕಣ್ಣಿಗೆ ರಕ್ಷಣಾ ಕನ್ನಡಕ ಇರಲೇಬೇಕು. ಕಿಡಿ ಹಾರುವ ದಿಕ್ಕಿನಲ್ಲಿ ಹುಲ್ಲು, ಬಟ್ಟೆ, ಗ್ಯಾಸ್ ಸಿಲಿಂಡರು ಇರಕೂಡದು. ಸತುವಿನ ಲೇಪವುಳ್ಳ ಜಿ.ಐ. ಕೊಳವೆಯನ್ನು ಯಂತ್ರದಿಂದ ಕೊಯ್ದಾಗ ಏಳುವ ಹೊಗೆಯಿಂದ ಜ್ವರ ಬರುವುದುಂಟು, ಬಯಲಿನಲ್ಲಿಯೇ ಕೊಯ್ಯಬೇಕು. ಒಂದೆರಡು ತುಂಡಿನ ಕೆಲಸಕ್ಕೆ ಕೈಗರಗಸವೇ ಸಾಕು.

ಆ ದಿನ ಅಂಗಡಿಯಿಂದ ೩೨ ಹಲ್ಲಿನ ಅಲಗೊಂದನ್ನು ತರಿಸಿ, ಕೊಳವೆಯನ್ನು ಹೊರಳಿಸಿ, ಹಳೆಯ ವಿದ್ಯಾರ್ಥಿಯ ಕೈಗೇ ಗರಗಸವನ್ನು ಕೊಟ್ಟೆ. ಕೆಲವೇ ನಿಮಿಷಗಳಲ್ಲಿ ಕೊಳವೆ ತುಂಡಾಯಿತು. "ಶಾಲೆಯಲ್ಲಿದ್ದಾಗಲೇ ಇದನ್ನು ಕಲಿಸಬಹುದಿತ್ತಲ್ಲ, ಗುರುಗಳೆ" ಎಂದು ಅವರು ನಕ್ಕರು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಹಲ್ಲಿನ ಲೆಕ್ಕ ಐದನೆಯ ತರಗತಿಯ ಭಾಗಾಕಾರಕ್ಕಿಂತ ಕಠಿಣವಲ್ಲ. ಆದರೂ ಅದನ್ನು ನಾವು ಗಣಿತದ ಪಾಠದಲ್ಲಿಯೂ ಹೇಳಲಿಲ್ಲ, ಕೈಕೆಲಸದ ಪಾಠದಲ್ಲಿಯೂ ಹೇಳಲಿಲ್ಲ. ಶಿಕ್ಷಕ ಬಂಧುಗಳು ಈ ಕೊರತೆಯನ್ನು ನೀಗಿಸುವರೆಂದು ನಂಬಿದ್ದೇನೆ. ಶಾಲೆಯ ಕಾರ್ಯಾಗಾರಕ್ಕೆ ಯಂತ್ರವನ್ನು ಕೊಡಬಯಸುವ ದಾನಿಗಳಲ್ಲಿ ಒಂದೇ ವಿನಂತಿ: ಯಂತ್ರಕ್ಕೆ ಮೊದಲು ಒಂದು ಗಟ್ಟಿ ವೈಸ್, ಎರಡು ಬಗೆಯ ಅಲಗುಗಳು ಮತ್ತು ಪ್ರತಿ ಮಗುವಿಗೂ ಒಂದು ಕನ್ನಡಕ ಬರಲಿ. ಮಕ್ಕಳ ಕೈ ಪಳಗಿದ ಮೇಲೆ ಯಂತ್ರ ಬಂದರೂ ತಡವಾಗದು.